ಮೇ ತಿಂಗಳಲ್ಲಿ ನಿಮ್ಮ ಕೆರೆ ಎಷ್ಟು ತುಂಬಿತ್ತು?

ಭಾನುವಾರ ಬೆಳಿಗ್ಗೆ ಕೆರೆ ಹತ್ತಿರ ಹೋದರೆ ಖುಷಿಯಾಗುತ್ತದೆ. ಕೈಗವಸು ಹಾಕಿಕೊಂಡ ಮಕ್ಕಳು, ಗೋಣಿಚೀಲ ಹಿಡಿದ ಹುಡುಗರು, ರಿಟೈರ್ ಆದ ಹಿರಿಯರು. ಎರಡು ಗಂಟೆಯಲ್ಲಿ ದಡದ ಪ್ಲಾಸ್ಟಿಕ್ ಎಲ್ಲ ಖಾಲಿ. ಮಳೆನೀರು ಕಾಲುವೆಗಳ ಕೆಲಸ ಮಾಡುವ ಎಂಜಿನಿಯರ್ ಆಗಿ ಬೆಂಗಳೂರಿನ ಇಂಥ ಹಲವು ತಂಡಗಳ ಜೊತೆ ಓಡಾಡಿದ್ದೇನೆ. ಎಲ್ಲರ ಪ್ರಶ್ನೆ ಒಂದೇ: "ಸಾರ್, ಇಷ್ಟು ಕ್ಲೀನ್ ಮಾಡಿದರೂ ಮಳೆ ಬಂದಾಗ ಕೆಳಗಿನ ಬೀದಿಗೆ ನೀರು ನುಗ್ಗುತ್ತಲ್ಲ, ಯಾಕೆ?"

ನಾನು ತಿರುಗಿ ಕೇಳುವುದೂ ಒಂದೇ. ಮೇ ತಿಂಗಳಲ್ಲಿ ನಿಮ್ಮ ಕೆರೆಯಲ್ಲಿ ನೀರು ಎಷ್ಟಿತ್ತು?

"ಫುಲ್ ಇತ್ತು ಸಾರ್" ಅನ್ನುತ್ತಾರೆ, ಹೆಮ್ಮೆಯಿಂದ. ತೊಂದರೆ ಅಲ್ಲೇ ಇದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲಿರುವ ಊರು. ಇಲ್ಲಿ ದೊಡ್ಡ ನದಿ ಇಲ್ಲ. ಬಿದ್ದ ಮಳೆ ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳ ಕಡೆ ಇಳಿಯುತ್ತದೆ. ಹಿಂದಿನವರು ಆ ಇಳಿಜಾರಿನಲ್ಲಿ ಒಂದರ ಕೆಳಗೊಂದು ಏರಿ, ಅಂದರೆ ಮಣ್ಣಿನ ಕಟ್ಟೆ, ಕಟ್ಟಿ ಕೆರೆ ಮಾಡಿದರು. ಮೇಲಿನ ಕೆರೆ ತುಂಬಿ ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ) ಹರಿದರೆ, ನೀರು ರಾಜಕಾಲುವೆ ಎಂಬ ದೊಡ್ಡ ಮಳೆನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಬೆಳ್ಳಂದೂರು ತುಂಬಿದರೆ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ.

ಆದರೆ ಕೋಡಿ ಮಾತ್ರ ಇದ್ದಿದ್ದಲ್ಲ, ಏರಿಯ ತಳದಲ್ಲಿ ನೀರು ಬಿಡುವ ತೂಬೂ ಇತ್ತು. ಕೆರೆ ನೀರು ನೋಡಿಕೊಳ್ಳುವ ನೀರಗಂಟಿ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ. ಬೇಸಿಗೆ ಹೊತ್ತಿಗೆ ಕೆರೆ ಬಹುಪಾಲು ಖಾಲಿಯಾಗುತ್ತಿತ್ತು. ಮುಂದಿನ ಮಳೆಗೆ ಜಾಗ ಸಿದ್ಧ! ಈಗ ಗದ್ದೆ ಇದ್ದಲ್ಲಿ ಲೇಔಟ್ ಇದೆ. ಎಷ್ಟೋ ಕಡೆ ತೂಬು ಮಣ್ಣಿನಡಿ ಹೂತುಹೋಗಿದೆ. ಒಳಚರಂಡಿ ನೀರು ಮಾತ್ರ ಹನ್ನೆರಡು ತಿಂಗಳೂ ಬರುತ್ತಿದೆ. ಹಾಗಾಗಿ ಬೇಸಿಗೆಯಲ್ಲೂ ಕೆರೆ ತುಂಬಿರುತ್ತದೆ. ನೋಡಲು ಚೆಂದ, ಆದರೆ ಮಳೆ ಬಂದರೆ ಹಿಡಿದಿಟ್ಟುಕೊಳ್ಳಲು ಜಾಗ ಇಲ್ಲ.

ಒಂದು ಲೆಕ್ಕ ನೋಡಿ. ಹತ್ತು ಎಕರೆ ಕೆರೆಯಲ್ಲಿ ಕೋಡಿಗಿಂತ ಒಂದೇ ಒಂದು ಅಡಿ ಖಾಲಿ ಇಟ್ಟರೆ, ಸುಮಾರು 1 ಕೋಟಿ 20 ಲಕ್ಷ ಲೀಟರ್ ಮಳೆನೀರು ನಿಲ್ಲುತ್ತದೆ. 12 ಸಾವಿರ ಲೀಟರಿನ ಟ್ಯಾಂಕರ್ ಆದರೆ ಸಾವಿರ ಲೋಡು. ಅಷ್ಟು ನೀರು ಒಂದೇ ರಾತ್ರಿ ಕೆಳಗಿನ ಬೀದಿಗೆ ಹೋಗುವುದು ತಪ್ಪುತ್ತದೆ. 2022ರ ಸೆಪ್ಟೆಂಬರಿನಲ್ಲಿ ನಗರದಲ್ಲಿ ಒಂದೇ ದಿನ 130 ಮಿಲಿಮೀಟರಿಗೂ ಜಾಸ್ತಿ ಮಳೆ ಬಿತ್ತು. ಬೆಳ್ಳಂದೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆ ವರ್ಷ ಮೊದಲೇ ಮಳೆ ಜಾಸ್ತಿಯಾಗಿ ಕೆರೆಗಳು ತುಂಬಿಹೋಗಿದ್ದವು.

ಅದಕ್ಕೇ ತಂಡಗಳಿಗೆ ನಾನು ಹೇಳುವುದು: ಕಸ ಎತ್ತುವ ಕೆಲಸ ಬಿಡಬೇಡಿ, ಆದರೆ ನೀರಗಂಟಿಯ ಕಣ್ಣು ನಿಮಗೆ ಬರಲಿ. ನನಗೆ ಗೊತ್ತಿರುವ ಒಂದು ತಂಡದಲ್ಲಿ ರಿಟೈರ್ಡ್ ಟೀಚರೊಬ್ಬರಿದ್ದಾರೆ. ಕೋಡಿ ಪಕ್ಕದ ಕಲ್ಲಿಗೆ ಬಿಳಿ ಪೇಂಟ್ ಬಳಿಸಿ, ಇಂಚಿಂಚಿಗೂ ಗೆರೆ ಎಳೆಸಿದರು. ಪ್ರತಿ ಶನಿವಾರ ಅದರ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರೆ, ನೋಟ್‌ಬುಕ್ಕಿನಲ್ಲೂ ಬರೆದಿಡುತ್ತಾರೆ. ಎರಡು ವರ್ಷದ ಆ ಪುಸ್ತಕ ಹಿಡಿದು ಇಲಾಖೆಗೆ ಹೋಗಿ, ತೂಬು ರಿಪೇರಿ ಮಾಡಿಕೊಡಿ ಅಂತ ಕೇಳಿದರು. ಸುಮ್ನೆ ದೂರು ಕೊಡುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಅದೇ ಕೋಡಿಯಲ್ಲಿ ಒಮ್ಮೆ ನಾವು ಬಗ್ಗಿ ನೋಡಿದಾಗ, ಮೀನು ತಪ್ಪಿಸಿಕೊಳ್ಳದಿರಲಿ ಅಂತ ಯಾರೋ ಅಡ್ಡಕ್ಕೆ ಬಲೆ ಕಟ್ಟಿದ್ದರು. ಬಲೆಗೆ ಅಂತರಗಂಗೆ, ಎಳನೀರು ಬುರುಡೆ, ಥರ್ಮಾಕೋಲ್ ಸಿಕ್ಕಿಕೊಂಡು ಗೋಡೆಯ ಹಾಗೆ ಗಟ್ಟಿಯಾಗಿತ್ತು. ಹೀಗಾದರೆ ಹಿಂದೆ ನೀರು ಏರುತ್ತಾ ಹೋಗಿ ಏರಿ ಮೇಲೇ ಹರಿಯಬಹುದು. ಮಣ್ಣಿನ ಏರಿ ಮೇಲೆ ನೀರು ಹರಿದರೆ ಅದು ಕೊಚ್ಚಿಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ನೋಡಬೇಕಾದ ಮೊದಲ ಜಾಗ ಕೋಡಿ. ಕೆರೆಗೆ ನೀರು ಬರುವ ಬಾಯಿ ಆಮೇಲೆ. ಕಾಲುವೆಯಿಂದ ತೆಗೆದ ಹೂಳನ್ನು ಪಕ್ಕದಲ್ಲೇ ರಾಶಿ ಹಾಕಿದ್ದರೆ ಅದನ್ನು ಸಾಗಿಸುವವರೆಗೂ ಬಿಡಬೇಡಿ. ಒಂದು ಜೋರು ಮಳೆ ಸಾಕು, ಅಷ್ಟೂ ವಾಪಸ್ ಒಳಗೆ ಬೀಳುತ್ತದೆ.

ಎರಡು ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಕೊಳಚೆ ಹರಿಯುವ ರಾಜಕಾಲುವೆಗೆ ಯಾರೂ ಇಳಿಯಬಾರದು, ಎಷ್ಟೇ ಉತ್ಸಾಹ ಇರಲಿ. ಅಲ್ಲಿ ವಿಷಾನಿಲ ಇರಬಹುದು, ಮಳೆ ಬಂದರೆ ನಿಮಿಷಗಳಲ್ಲಿ ನೀರು ಏರುತ್ತದೆ. ಹಾಗೇ ತೂಬನ್ನು ನೀವೇ ಎತ್ತಬೇಡಿ. ನೀವು ಬಿಟ್ಟ ನೀರು ಇನ್ನೊಬ್ಬರ ಮನೆಗೆ ಹೋಗಬಹುದು ಅಲ್ವಾ? ಕೆಳಗಿನ ಕೆರೆಯ ಸ್ಥಿತಿ ನೋಡಿಕೊಂಡು, ಮಳೆಗೆ ಮುಂಚೆಯೇ, ನಿಧಾನಕ್ಕೆ ಇಳಿಸಬೇಕು. ಹಕ್ಕಿಗಳಿಗೂ ಅಂತರ್ಜಲಕ್ಕೂ ಬೇಕಾದಷ್ಟು ಉಳಿಸಬೇಕು. ಅದನ್ನು ಇಲಾಖೆಯವರೇ ಮಾಡಬೇಕು. ಕೆಳಗಿನ ಕೆರೆಯ ತಂಡದ ಫೋನ್ ನಂಬರ್ ನಿಮ್ಮ ಹತ್ತಿರ ಇರಲಿ.

ಆ ಟೀಚರ್ ಇದ್ದಾರಲ್ಲ, ಅವರ ಕೆರೆಯ ತೂಬು ರಿಪೇರಿ ಆಗಿ ಒಂದು ವರ್ಷವಾಯಿತು. ಈ ಸಲ ಮೇ ಕೊನೆಯ ಶನಿವಾರದ ಫೋಟೋದಲ್ಲಿ ನೀರು ಕೋಡಿಗಿಂತ ಎರಡೂವರೆ ಅಡಿ ಕೆಳಗಿತ್ತು.