ಟೊಮೆಟೊ ಸೊರಗಿದರೆ ಮೊದಲು ಕಾಂಡ ಕೊಯ್ದು ನೋಡಿ

ಸೊರಗಿದ ಟೊಮೆಟೊ ಗಿಡಕ್ಕೆಲ್ಲ ಒಂದೇ ರೋಗ ಎಂದು ಮೊದಲು ಬರೆದುಕೊಂಡಿದ್ದೆ. ಆ ಪುಟವನ್ನು ಈಗ ಹರಿದುಹಾಕಿದ್ದೇನೆ. ಎಲೆ ಹಸಿರಾಗಿರುವಾಗಲೇ ಗಿಡ ಕೆಲವು ದಿನಗಳಲ್ಲಿ ಇಡಿಯಾಗಿ ಜೋತುಬಿದ್ದರೆ ದುಂಡಾಣು ಸೊರಗು ರೋಗದ ಅನುಮಾನ. ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ಅದರ ಮೂಲ. ಕೆಳಗಿನ ಎಲೆಗಳು, ಎಷ್ಟೋ ಸಲ ಒಂದೇ ಪಕ್ಕದವು, ಹಳದಿಯಾಗಿ ನಿಧಾನವಾಗಿ ಬಾಡಿದರೆ ಫ್ಯುಸೇರಿಯಂ ಶಿಲೀಂಧ್ರ. ಕಿತ್ತ ಬೇರಿನಲ್ಲಿ ಗಂಟುಗಳಿದ್ದರೆ ಮಣ್ಣಿನಲ್ಲಿರುವ ಸೂಕ್ಷ್ಮ ಜಂತುಹುಳು. ಮೊದಲೆರಡರಲ್ಲೂ ಸೀಳಿದ ಕಾಂಡದ ಒಳಗೆ ಕಂದು ಬಣ್ಣ ಕಾಣುವುದರಿಂದ ಬಣ್ಣವೊಂದನ್ನೇ ನಂಬುವಂತಿಲ್ಲ.

ಇದಕ್ಕೊಂದು ಲೋಟದ ಪರೀಕ್ಷೆ ಇದೆ. ಬುಡದ ಹತ್ತಿರ ಕಾಂಡವನ್ನು ಕೊಯ್ದು, ಕೊಯ್ದ ತುದಿಯಷ್ಟೇ ತಿಳಿನೀರಿನಲ್ಲಿ ಮುಳುಗುವಂತೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ. ಕೈ ನಡುಗಿದರೆ ಎಳೆ ನೀರಿನಲ್ಲಿ ಕದಡಿಹೋಗುತ್ತದೆ. ನನ್ನ ಮೊದಲ ಪರೀಕ್ಷೆ ಕೆಟ್ಟದ್ದು ಹೀಗೆಯೇ.

ಗುರುತು ಸಿಕ್ಕ ಮೇಲೆ ದಾರಿಗಳು ಕವಲೊಡೆಯುತ್ತವೆ. ಟೊಮೆಟೊವಿನ ಸೊರಗು ಫ್ಯುಸೇರಿಯಂ ಟೊಮೆಟೊವನ್ನೇ ಹಿಡಿಯುತ್ತದೆ, ಆದರೆ ಅದರ ಗಟ್ಟಿ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಹಾಗಾಗಿ ಒಂದು ವರ್ಷದ ಬೆಳೆ ಬದಲಾವಣೆ ಸಾಲದು, ನಿರೋಧಕ ತಳಿಯೇ ಬೇಕು. ಹುಳಿ ಮಣ್ಣಾದರೆ ಸುಣ್ಣ ಕೊಟ್ಟು ರಸಸಾರವನ್ನು (pH) 6.5ರಿಂದ 7ಕ್ಕೆ ತರುವುದೂ ನೆರವಾಗುತ್ತದೆ. ರಾಲ್‌ಸ್ಟೋನಿಯಾ ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳಲ್ಲೂ ಬದುಕುವುದರಿಂದ ಅವು ಸರದಿಯಲ್ಲಿ ಬರಬಾರದು. ಇದಕ್ಕೆ ನನ್ನ ಮೆಚ್ಚಿನ ಉಪಾಯ ಕಸಿ: ನಿರೋಧಕ ಬದನೆಯ ಬೇರಿನ ಮೇಲೆ ಟೊಮೆಟೊ ಕುಡಿ. ಕಸಿಯ ಗಂಟನ್ನು ಮಾತ್ರ ಮಣ್ಣಿನಲ್ಲಿ ಹೂಳಬಾರದು. ಟೊಮೆಟೊ ಕಾಂಡ ಮಣ್ಣು ಸೋಕಿದಲ್ಲಿ ಬೇರು ಬಿಡುತ್ತದೆ, ಆ ಬೇರಿನಿಂದಲೇ ರೋಗ ಒಳನುಗ್ಗುತ್ತದೆ.

ಖಾಲಿ ಮಡಿಗೆ ಬಿಸಿಲೂ ಮದ್ದು. ಕಡು ಬೇಸಿಗೆಯಲ್ಲಿ ಮಣ್ಣನ್ನು ಹದವಾಗಿ ನೆನೆಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚನ್ನು ಮಣ್ಣಿನಲ್ಲಿ ಹೂತು 4ರಿಂದ 6 ವಾರ ಬಿಡಬೇಕು. ಒಣಮಣ್ಣಿನಲ್ಲಿ ಕಾವು ಆಳಕ್ಕೆ ಇಳಿಯುವುದಿಲ್ಲ. ಕಪ್ಪು ಹಾಳೆ ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ. ಶುದ್ಧಿಯಾಗುವುದು ಮೇಲಿನ ಪದರ ಮಾತ್ರ, ಆಮೇಲೆ ಆಳವಾಗಿ ಉತ್ತರೆ ಶ್ರಮವೆಲ್ಲ ನೀರುಪಾಲು. ಇನ್ನೊಂದು ವಿಧಾನದಲ್ಲಿ ಚದರ ಮೀಟರಿಗೆ ಸುಮಾರು 1 ಕಿಲೊ ತೌಡು ಬೆರೆಸಿ, ನೀರು ತುಂಬಿಸಿ, 3 ವಾರ ಮುಚ್ಚಿಡುತ್ತಾರೆ. ತೌಡನ್ನು ತಿನ್ನುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಮುಗಿಸಿ, ರೋಗಾಣುಗಳಿಗೆ ಮಾರಕವಾದ ಆಮ್ಲಗಳನ್ನು ಬಿಡುತ್ತವೆ. ಹಾಳೆ ತೆಗೆದಾಗ ಹುಳಿತ ನಾತ ಬಂದರೆ ಮೂಗು ಮುಚ್ಚಿಕೊಂಡು ಸಂತೋಷಪಡಿ, ಕೆಲಸ ನಡೆದಿದೆ.

ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಕಾವಲುಗಾರ, ವೈದ್ಯನಲ್ಲ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ನಾಟಿಗೆ ಮೊದಲೇ ಕೊಡಬೇಕು. ಬಾಡಿದ ಗಿಡದ ಬುಡಕ್ಕೆ ಸುರಿದು ಫಲವಿಲ್ಲ. ಚೆಂಡು ಹೂ ಬೇರುಗಂಟಿನ ಜಂತುಹುಳುವಿಗೆ ಸರಿ, ಆದರೆ ಇಡೀ ಮಡಿಯಲ್ಲಿ ಒಂದು ಬೆಳೆಯಾಗಿ ನಿಲ್ಲಬೇಕು. ಅಂಚಿಗೆ ನೆಟ್ಟ ನಾಲ್ಕು ಗಿಡ ಕಣ್ಣಿಗೆ ಚೆಂದ, ಅಷ್ಟೇ.

ಬೆಳೆ ನಿಂತಿರುವಾಗ ಉಳಿಯುವುದು ಹರಡದಂತೆ ತಡೆಯುವ ಕೆಲಸ. ರೋಗದ ಗಿಡವನ್ನು ಬೇರು, ಬುಡದ ಮಣ್ಣು ಸಹಿತ ತೆಗೆಯಿರಿ, ಆ ಸಾಲಿನ ನೀರು ಪಕ್ಕಕ್ಕೆ ಹರಿಯದಂತೆ ಕಟ್ಟಿ, ದಿನದ ಕೆಲಸದಲ್ಲಿ ಅಲ್ಲಿಗೆ ಕೊನೆಯಲ್ಲಿ ಕಾಲಿಡಿ.