25 ಗಿಡ ಇದ್ದರೆ ನಮಗೇನು?

ವಾಕ್ಯರೂಪದ ಲೆಕ್ಕ ಕಂಡ ಕೂಡಲೇ ಮಕ್ಕಳ ಪೆನ್ಸಿಲು ಅಂಕಿಗಳಿಗೆ ಸುತ್ತು ಹಾಕತೊಡಗುತ್ತದೆ. ಇದನ್ನು ಕಲಿಸಿದವರು ಹೆಚ್ಚಾಗಿ ಮನೆಯವರೇ. ‘ಒಟ್ಟು ಅಂತ ಇದ್ದರೆ ಕೂಡಿಸು, ಹೆಚ್ಚು ಅಂತ ಇದ್ದರೂ ಕೂಡಿಸು’ ಎಂಬ ಉಪಾಯವೂ ಅವರದ್ದೇ. ‘ನನ್ನ ಹತ್ತಿರ 12 ಬಂಗುಡೆ ಇದೆ, ಅಕ್ಕನಿಗಿಂತ 5 ಹೆಚ್ಚು’ ಎಂದರೆ ಅಕ್ಕನದ್ದು 7. ಉಪಾಯದ ಪ್ರಕಾರ 17!

1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟರು: ಹಡಗಿನಲ್ಲಿ 26 ಕುರಿ, 10 ಆಡು, ಕ್ಯಾಪ್ಟನ್ನನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಅಂಕಿಗಳಿಂದಲೇ ಲೆಕ್ಕ ಹಾಕಿ ವಯಸ್ಸು ಹೇಳಿದರು. ನಮ್ಮ ಮಕ್ಕಳು ಬೇರೆ ಅಂತ ತಿಳಿಯಬೇಡಿ ಮಾರಾಯ್ರೆ.

ಊರಿನದ್ದೇ ಲೆಕ್ಕ ತೆಗೆದುಕೊಳ್ಳಿ. ಉಡುಪಿ ಹತ್ತಿರದ ಶಂಕರಪುರದ ಮನೆಯೊಂದರಲ್ಲಿ 25 ಮಲ್ಲಿಗೆ ಗಿಡ. ಇಬ್ಬರು 3 ಗಂಟೆಯಲ್ಲಿ 9,600 ಮೊಗ್ಗು ಕೊಯ್ದರು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ 720 ರೂಪಾಯಿ (ದರ ದಿನಕ್ಕೊಂದು, ಇದು ಲೆಕ್ಕಕ್ಕೆ ಹಿಡಿದದ್ದು). ಕಟ್ಟುವ ಕೂಲಿ ಚೆಂಡಿಗೆ 5 ರೂಪಾಯಿ. ಕೂಲಿ ಕಳೆದು ಮನೆಯವರ ಕೈಗೆ ಎಷ್ಟು?

ಕೊನೆಯ ವಾಕ್ಯವನ್ನು ಮೊದಲು ಓದಿಸಿ, ಅಲ್ಲಿಂದ ಹಿಂದಕ್ಕೆ ನಡೆಸಿ. ಕೈಗೆ ಬರುವ ಹಣಕ್ಕೆ ಏನು ಗೊತ್ತಿರಬೇಕು? ಮಾರಿದ ಹಣ, ಕೂಲಿ. ಮಾರಿದ ಹಣಕ್ಕೆ? ಅಟ್ಟೆ ಎಷ್ಟು ಎಂಬುದು. ಅಟ್ಟೆಗೆ? ಚೆಂಡು. ಈಗ ಅಂಕಿ ಹುಡುಕಲಿ: 9,600 ಹೂವೆಂದರೆ 12 ಚೆಂಡು, ಅಂದರೆ 3 ಅಟ್ಟೆ, 2,160 ರೂಪಾಯಿ. ಕೂಲಿ 60. ಕೈಗೆ 2,100. ಗಿಡ, ಜನ, ಗಂಟೆ ಯಾವುದನ್ನೂ ಮುಟ್ಟಲಿಲ್ಲ.

ಎಡವುವ ಜಾಗಗಳಿವೆ. 9,600ನ್ನು 25ರಿಂದ ಭಾಗಿಸಿದರೆ ಶೇಷವೇ ಇಲ್ಲದೆ 384 ಬರುತ್ತದೆ. ಶೇಷ ಉಳಿಯದಿದ್ದರೆ ಮಕ್ಕಳಿಗೆ ಸರಿಯೆಂದೇ ಧೈರ್ಯ. ‘384 ಏನು?’ ಎಂದು ಕೇಳಿ. ಗಿಡಕ್ಕೆ ಬಿದ್ದ ಹೂವು, ಅದನ್ನು ಕೇಳಿದವರಿಲ್ಲ. ಕೂಲಿಯನ್ನು ಅಟ್ಟೆಗೆ ಹಚ್ಚಿ 15 ಕಳೆಯುವವರಿಗೆ 2,145 ಸಿಗುತ್ತದೆ. ಮೂರನೆಯದು ನೋಟಕ್ಕೇ ಸಿಗದು: 3 ಗಂಟೆಯ 3ನ್ನೇ ಎತ್ತಿ 720ಕ್ಕೆ ಗುಣಿಸಿದರೂ 2,160 ಬರುತ್ತದೆ, ‘ರೈಟ್’ ಕೂಡ ಬೀಳುತ್ತದೆ. ಪ್ರತಿ ಸಂಖ್ಯೆಯ ಪಕ್ಕ ಹೂವು, ಚೆಂಡು, ಅಟ್ಟೆ, ರೂಪಾಯಿ ಎಂದು ಬರೆಸಿದರೆ ಮಾತ್ರ ಇದು ಹೊರಬೀಳುವುದು.

ಹಾಗಂತ 25ನ್ನು ಮೊದಲೇ ಹೊಡೆದು ಹಾಕಿಸಬೇಡಿ. ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ: ಯಾವ ಅಂಕಿಯೂ ಹುಟ್ಟಾ ದಂಡವಲ್ಲ, ದಂಡವೋ ಅಲ್ಲವೋ ಎಂದು ತೀರ್ಮಾನಿಸುವುದು ಪ್ರಶ್ನೆ. ‘ಗಿಡಕ್ಕೆ ಸರಾಸರಿ ಎಷ್ಟು ಹೂವು?’ ಎಂದು ಕೇಳಿದರೆ 25 ಬೇಕು, 720 ಬೇಡ. ‘ಒಬ್ಬರು ಗಂಟೆಗೆ ಎಷ್ಟು ಕೊಯ್ದರು?’ ಎಂದರೆ 2 ಮತ್ತು 3 ಬೇಕು, ಉತ್ತರ 1,600. ಕತೆ ಒಂದೇ ಇಟ್ಟುಕೊಂಡು ಪ್ರಶ್ನೆಯನ್ನು ಮೂರು ಸಲ ಬದಲಿಸಿ. ಹತ್ತು ಲೆಕ್ಕ ಮಾಡಿಸುವುದಕ್ಕಿಂತ ಅದು ವಾಸಿ. ಇಲ್ಲಿ ‘ಇಬ್ಬರು’ ಅಕ್ಷರದಲ್ಲಿದೆ ಎಂಬುದನ್ನೂ ಗಮನಿಸಿ, ಅಂಕಿಗೆ ಸುತ್ತು ಹಾಕುವವರಿಗೆ ಅದು ಕಾಣುವುದೇ ಇಲ್ಲ.

ಇಷ್ಟಾದರೂ ಮಗು ಸೋತರೆ, ಅಂಕಿಯೊಂದನ್ನೂ ಹೇಳದೆ ಕತೆಯನ್ನು ಮನೆಮಾತಿನಲ್ಲಿ, ತುಳುವೋ ಕೊಂಕಣಿಯೋ ಬ್ಯಾರಿಯೋ, ಹೇಳಲು ಬಿಡಿ. ಹೇಳಲು ಬಂದರೆ ಓದಿನಲ್ಲಿ ತೊಡಕಿರಬಹುದು, ಗಣಿತದಲ್ಲೇ ಎಂದು ಹೇಳಲಾಗದು. ಗಣಿತದ ಟ್ಯೂಷನ್‌ಗೆ ಹಾಕುವುದನ್ನು ಆಮೇಲೆ ನೋಡುವ.