ಕೇಬಲ್‌ನೊಳಗೊಂದು ಮರ

ಕೊಡಗಿನ ಕಕ್ಕಡ ತಿಂಗಳ ಗಾಳಿಮಳೆಗೆ ಸಿಲ್ವರ್ ಓಕ್ ಮರವೊಂದು 11 ಕೆ.ವಿ. (11,000 ವೋಲ್ಟ್) ಲೈನಿನ ಮೇಲೆ ಒರಗಿತೆಂದರೆ ಊರಿಗೂರೇ ಕತ್ತಲು. ಲೈನ್‌ಮನ್ ಕತ್ತಿ, ಹಗ್ಗ ಹಿಡಿದು ತೋಟದೊಳಗೆ ಇಳಿಯುವಷ್ಟರಲ್ಲಿ ಇನ್ನೆರಡು ಕಡೆ ಕೊಂಬೆ ಬಿದ್ದಿರುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಕೇಬಲ್ ಮಾಡಿ ಮಣ್ಣಿನಡಿ ಹಾಕಿಬಿಟ್ಟರೆ ರಗಳೆಯೇ ಇಲ್ಲ.’

ಅರ್ಧ ನಿಜ. ಮೇಲಿನ ಮರದಿಂದ ತಪ್ಪಿಸಿಕೊಂಡು ನೆಲದಡಿ ಹೋದ ಕೇಬಲ್‌ನ ಒಳಗೇ ಇನ್ನೊಂದು ಮರ ಹುಟ್ಟುತ್ತದೆ. ಎಂಜಿನಿಯರುಗಳು ಅದನ್ನು ವಾಟರ್ ಟ್ರೀ ಎನ್ನುತ್ತಾರೆ. ನಾವು ನೀರ್ಮರ ಎನ್ನೋಣ. ಮಳೆಯನ್ನು ಇಂಚಿನಲ್ಲಿ ಎಣಿಸುವ ಕೊಡಗಿನಂಥ ಜಿಲ್ಲೆಗೆ ಕೇಬಲ್ ತಂತ್ರಜ್ಞಾನದ ಮುಂದಿನ ದಾರಿಯೆಂದರೆ ಬಹುಪಾಲು ಈ ಮರದ ಜೊತೆಗಿನ ಗುದ್ದಾಟವೇ.

11 ಕೆ.ವಿ. ಕೇಬಲ್ ಒಂದನ್ನು ಅಡ್ಡ ಕೊಯ್ದು ನೋಡಿ. ನಡುವೆ ಅಲ್ಯೂಮಿನಿಯಂ ಎಳೆಗಳು, ಅದರ ಮೇಲೆ ತೆಳು ಕಪ್ಪು ಸೆಮಿಕಾನ್ (ಅರೆವಾಹಕ) ಪದರ, ಆಮೇಲೆ ಹಾಲುಬಿಳುಪಿನ ಎಕ್ಸ್ಎಲ್‌ಪಿಇ (ಸರಪಳಿಗಳನ್ನು ಒಂದಕ್ಕೊಂದು ಬೆಸೆದ ಪಾಲಿಎಥಿಲೀನ್ ಪ್ಲಾಸ್ಟಿಕ್; ವಿದ್ಯುತ್ತನ್ನು ತಡೆಯುವುದು ಇದೇ), ಮತ್ತೆ ಕಪ್ಪು ಪದರ, ತಾಮ್ರದ ಟೇಪು, ಆರ್ಮರ್ (ಪೆಟ್ಟು ತಡೆಯುವ ಲೋಹದ ಹೊದಿಕೆ), ಹೊರಗಿನ ಸಿಪ್ಪೆ. ನಮ್ಮ ಮಾನಕ ಐಎಸ್ 7098ರ ಎರಡನೇ ಭಾಗದ ಪ್ರಕಾರ ಅರ್ಥ್ ಮಾಡಿದ 11 ಕೆ.ವಿ. ವ್ಯವಸ್ಥೆಗೆ ಆ ಬಿಳಿ ಪದರದ ದಪ್ಪ 3.6 ಮಿ.ಮೀ. ಎರಡು ಫೇಸ್‌ಗಳ ನಡುವೆ 11,000 ವೋಲ್ಟ್ ಇದ್ದರೂ, ಒಂದು ಫೇಸ್ ಮತ್ತು ಅರ್ಥ್ ನಡುವೆ ಅದು ತಡೆಯಬೇಕಾದದ್ದು 6,350 ವೋಲ್ಟ್. ಅಂದರೆ ಪ್ರತಿ ಮಿಲಿಮೀಟರಿಗೆ ಸರಾಸರಿ 1,760 ವೋಲ್ಟ್. ಶುದ್ಧ ಎಕ್ಸ್ಎಲ್‌ಪಿಇಗೆ ಇದು ಏನೇನೂ ಅಲ್ಲ. ಆದರೆ ಒಳಗೆ ಸೂಜಿಮೊನೆಯಂಥ ಒಂದು ಉಬ್ಬೋ ಕಸದ ಕಣವೋ ಇದ್ದರೆ, ಆ ಮೊನೆಯಲ್ಲಿ ಒತ್ತಡ ಹಲವು ಪಟ್ಟು ಏರುತ್ತದೆ.

‘ಪ್ಲಾಸ್ಟಿಕ್ಕಿಗೆ ನೀರು ಏನು ಮಾಡೀತು’ ಎಂಬ ಭ್ರಮೆ ಮುರಿಯುವುದು ಇಲ್ಲೇ. ಪಾಲಿಎಥಿಲೀನ್ ನೀರನ್ನು ಒಲ್ಲದು, ಸರಿ. ಆದರೆ ನೀರಾವಿ ಅಣು ಅಣುವಾಗಿ ಅದರೊಳಗೆ ನುಸುಳುತ್ತದೆ, ಮಳೆಗಾಲದಲ್ಲಿ ಮುಚ್ಚಿದ ಬೀರುವಿನೊಳಗೂ ಬೂಷ್ಟು ಬರುವ ಹಾಗೆ. ಸಂಜೆ ಲೋಡು ಏರಿ ಕೇಬಲ್ ಬಿಸಿಯಾದಾಗ ಪ್ಲಾಸ್ಟಿಕ್ ಹೆಚ್ಚು ತೇವ ಹಿಡಿಯುತ್ತದೆ, ರಾತ್ರಿ ತಣ್ಣಗಾದಾಗ ಹೆಚ್ಚಾದದ್ದು ಕಣ್ಣಿಗೆ ಕಾಣದ ತೂತುಗಳಲ್ಲಿ ಹನಿಯಾಗಿ ಕೂರುತ್ತದೆ. ನೀರಿನ ಅಣುವಿಗೆ ಧನ, ಋಣ ಎರಡು ತುದಿ ಇರುವುದರಿಂದ ವಿದ್ಯುತ್ ಒತ್ತಡ ಹೆಚ್ಚಿದ್ದ ಕಡೆಗೇ ಅದು ಎಳೆಯಲ್ಪಡುತ್ತದೆ. 50 ಹರ್ಟ್ಸ್ ಎಂದರೆ ಸೆಕೆಂಡಿಗೆ 100 ಸಲ ಈ ಎಳೆತ, ದಿನಕ್ಕೆ 86 ಲಕ್ಷಕ್ಕೂ ಹೆಚ್ಚು. ತಂತಿಯನ್ನು ಅತ್ತಿತ್ತ ಬಾಗಿಸುತ್ತಾ ಹೋದರೆ ತುಂಡಾಗುವಂತೆ ಹನಿಯ ತುದಿಯಲ್ಲಿ ಪ್ಲಾಸ್ಟಿಕ್ಕಿನ ಸರಪಳಿ ಕಡಿಯುತ್ತದೆ. ಕಡಿದ ತುದಿ ಆಕ್ಸಿಡೀಕರಣಗೊಂಡು, ನೀರನ್ನು ಒಲ್ಲದಿದ್ದ ಪ್ಲಾಸ್ಟಿಕ್ ಅಲ್ಲಿ ಮಾತ್ರ ನೀರನ್ನು ಕರೆಯತೊಡಗುತ್ತದೆ. ಗೆದ್ದಲು ತನ್ನ ಮಣ್ಣಿನ ಸುರಂಗವನ್ನು ತಾನೇ ಕಟ್ಟಿಕೊಂಡು ಮುಂದೆ ಸಾಗುವುದಿಲ್ಲವೇ, ಹಾಗೆ. ಇನ್ನೂ ಹತ್ತಿರದ ಹೋಲಿಕೆ ಬೇಕಿದ್ದರೆ ಅರೇಬಿಕಾದ ಬಿಳಿ ಕಾಂಡಕೊರಕ: ಗಿಡ ಹೊರಗೆ ಹಸಿರು, ಒಳಗೆ ಸುರಂಗ.

ಈ ಮರ ಮಿಲಿಮೀಟರು ಬೆಳೆಯಲು ವರ್ಷಗಳು ಬೇಕು. ಅಷ್ಟೂ ಕಾಲ ಕಿಡಿಯಿಲ್ಲ, ಸದ್ದಿಲ್ಲ. ಕಾರ್ಖಾನೆಯ ಪಾರ್ಶಿಯಲ್ ಡಿಸ್‌ಚಾರ್ಜ್ (ಒಳಗಿನ ಕಿರುಕಿಡಿ ಹುಡುಕುವ) ಪರೀಕ್ಷೆ ಹಿಡಿಯುವುದು ಗಾಳಿಗುಳ್ಳೆಯನ್ನು, ನೀರ್ಮರವನ್ನಲ್ಲ. ನಿರೋಧ ಅಳೆಯುವ ಮೆಗ್ಗರ್ ‘ಎಲ್ಲ ಸರಿ’ ಎಂಬಂತೆ ಗಿಗಾ ಓಮ್ ತೋರಿಸುತ್ತಲೇ ಇರುತ್ತದೆ. ಕೊನೆಗೊಂದು ದಿನ, ಸಿಡಿಲಿನ ಸರ್ಜ್ (ದಿಢೀರ್ ವೋಲ್ಟೇಜ್ ಏರಿಕೆ) ಬಂದಾಗ, ಮರದ ತುದಿಯಿಂದ ನಿಜವಾದ ಕಿಡಿಯ ಕವಲು ಹೊರಟು ಕೇಬಲ್ ಪಂಕ್ಚರ್. ಸುಟ್ಟ ಜಾಗದಲ್ಲಿ ಪುರಾವೆಯೂ ಸುಟ್ಟಿರುತ್ತದೆ. ಪಕ್ಕದ ತುಂಡನ್ನು ತೆಳ್ಳಗೆ ಹೆರೆದು ಮೆಥಿಲೀನ್ ಬ್ಲೂ ಬಣ್ಣದಲ್ಲಿ ಕುದಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮಾತ್ರ ಕೊಂಬೆರೆಂಬೆಗಳು ನೀಲಿಯಾಗಿ ಕಾಣುತ್ತವೆ.

ಇತಿಹಾಸ ಇಲ್ಲಿ ಸ್ವಲ್ಪ ತಮಾಷೆಯಾಗಿದೆ. 1890ರ ದಶಕದ ಆರಂಭದಲ್ಲಿ ಲಂಡನ್ನಿನ ಡೆಪ್ಟ್‌ಫರ್ಡ್‌ನಿಂದ ಎಂಜಿನಿಯರ್ ಫೆರಾಂಟಿ ಎಳೆಸಿದ 10,000 ವೋಲ್ಟಿನ ಕೇಬಲ್‌ಗೆ ನಿರೋಧಕ ಯಾವುದು? ಮೇಣದಲ್ಲಿ ಅದ್ದಿದ ಕಂದು ಕಾಗದ! 20 ಅಡಿಯ ತುಂಡುಗಳನ್ನು ಜೋಡಿಸಿದ ಆ ಕೇಬಲ್‌ನ ಭಾಗಗಳು 1933ರವರೆಗೂ ಕೆಲಸ ಮಾಡಿದವು. ಪಾಲಿಎಥಿಲೀನ್ ಆಕಸ್ಮಿಕವಾಗಿ ಸಿಕ್ಕಿದ್ದೂ ಇಂಗ್ಲೆಂಡಿನಲ್ಲಿ, ಅದೇ 1933ರಲ್ಲಿ. ಕಾಗದಕ್ಕೆ ತೇವದ ಭಯವಿದ್ದುದರಿಂದ ಮೇಲೆ ಸೀಸದ ಕವಚ ಹಾಕುತ್ತಿದ್ದರು. 1960ರ ದಶಕದಲ್ಲಿ ಪ್ಲಾಸ್ಟಿಕ್ ಕೇಬಲ್ ಬಂದಾಗ ‘ಇದಕ್ಕೇಕೆ ಸೀಸ’ ಎಂದು ಕವಚವನ್ನೇ ಕಿತ್ತುಹಾಕಿದರು. 1969ರಲ್ಲಿ ಜಪಾನಿನಿಂದ ನೀರ್ಮರದ ಮೊದಲ ವರದಿ ಬಂತು. ಹಲವು ದಶಕ ಬಾಳಬೇಕಿದ್ದ ಕೇಬಲ್‌ಗಳು ಎಷ್ಟೋ ಕಡೆ ಹತ್ತು ಹದಿನೈದು ವರ್ಷಕ್ಕೇ ಕೈಕೊಟ್ಟವು.

ಆಮೇಲಿನ ಸುಧಾರಣೆಗಳೆಲ್ಲ ಆ ಪಾಠದಿಂದಲೇ. ಪ್ಲಾಸ್ಟಿಕ್ಕನ್ನು ಆವಿಯಿಂದ ಬೇಯಿಸುತ್ತಿದ್ದುದನ್ನು ಬಿಟ್ಟು ಒಣ ನೈಟ್ರೋಜನ್‌ನಲ್ಲಿ ಕ್ಯೂರಿಂಗ್ (ಸರಪಳಿ ಬೆಸೆಯಲು ಬೇಯಿಸುವುದು), ಮೂರೂ ಪದರಗಳನ್ನು ಒಂದೇ ಬಾರಿಗೆ ಎರಕ, ನೀರ್ಮರವನ್ನು ನಿಧಾನಿಸುವ ಟಿಆರ್-ಎಕ್ಸ್ಎಲ್‌ಪಿಇ ಎಂಬ ಪ್ಲಾಸ್ಟಿಕ್, ನೀರು ತಾಗಿದೊಡನೆ ಊದಿಕೊಳ್ಳುವ ಟೇಪು (ಮಕ್ಕಳ ಡೈಪರ್‌ನಲ್ಲಿರುವ ಬಗೆಯದೇ ಪುಡಿ), ಮತ್ತು ಅಲ್ಯೂಮಿನಿಯಂ ಹಾಳೆಯ ರೂಪದಲ್ಲಿ ಮರಳಿ ಬಂದ ಲೋಹದ ಕವಚ. ಯುರೋಪಿನ ಮಾನಕಗಳಲ್ಲಿ ಕೇಬಲನ್ನು ಎರಡು ವರ್ಷ ನೀರಿನಲ್ಲಿಟ್ಟು, ಹೆಚ್ಚಿನ ವೋಲ್ಟೇಜಿನಲ್ಲಿ ಹಳತಾಗಿಸಿ ನೋಡುವ ಪರೀಕ್ಷೆಯಿದೆ. ಕೊಡಗಿಗೆ ಕೇಬಲ್ ಕೊಳ್ಳುವ ಟೆಂಡರಿನಲ್ಲಿ ಇಂಥ ಒಂದು ಸಾಲು ಇರಲೇಬೇಕೆಂಬುದು ನನ್ನ ಹಟ.

ಮುಂದೆ ಬರುತ್ತಿರುವುದು ಪಾಲಿಪ್ರೊಪಿಲೀನ್ ಕೇಬಲ್. ಎಕ್ಸ್ಎಲ್‌ಪಿಇ ಬೇಯಿಸಿದ ಮೊಟ್ಟೆ ಇದ್ದಂತೆ, ಮತ್ತೆ ಕರಗದು. ಕ್ಯೂರಿಂಗ್‌ನಲ್ಲಿ ಹುಟ್ಟುವ ಮೀಥೇನ್ ಮುಂತಾದವು ಹೊರಹೋಗಲು ಅದನ್ನು ದಿನಗಟ್ಟಲೆ ಬಿಸಿ ಕೋಣೆಯಲ್ಲಿಡಬೇಕು. ಪಾಲಿಪ್ರೊಪಿಲೀನ್ ಬೆಲ್ಲದ ಹಾಗೆ: ಕರಗಿಸಿ ಅಚ್ಚು ಹಾಕಬಹುದು, ಹಳತಾದರೆ ಮತ್ತೆ ಕರಗಿಸಬಹುದು.

ಇನ್ನೊಂದು ದಾರಿ ಡಿ.ಸಿ., ಅಂದರೆ ಮನೆಗೆ ಬರುವ ಎ.ಸಿ.ಯಂತೆ ದಿಕ್ಕು ಬದಲಿಸದ ವಿದ್ಯುತ್ತು. ಮೈಸೂರು–ಕೋಝಿಕ್ಕೋಡ್ 400 ಕೆ.ವಿ. ಲೈನಿಗೆ ಕೊಡಗಿನ ಮರಗಳು ಉರುಳಿದ್ದನ್ನು ನೆನೆದು ‘ಅದನ್ನೂ ನೆಲದಡಿ ಹಾಕಬಹುದಿತ್ತಲ್ಲ’ ಎನ್ನುವವರು ಒಂದು ಲೆಕ್ಕ ನೋಡಬೇಕು. 400 ಕೆ.ವಿ. ಎ.ಸಿ. ಕೇಬಲ್ ತನ್ನನ್ನು ತಾನೇ ಚಾರ್ಜ್ ಮಾಡಿಕೊಳ್ಳಲು ಕಿ.ಮೀ.ಗೆ ಸುಮಾರು 14 ಆಂಪಿಯರ್ ನುಂಗುತ್ತದೆ. 60 ಕಿ.ಮೀ.ಗೆ 800 ದಾಟಿತು, ಸಾಗಿಸಬೇಕಾದ ವಿದ್ಯುತ್ತಿಗೆ ಉಳಿಯುವ ಜಾಗ ಅಷ್ಟಕ್ಕಷ್ಟೇ. ಡಿ.ಸಿ.ಗೆ ಈ ಕಾಟವಿಲ್ಲ. ಪಕ್ಕದ ಕೇರಳಕ್ಕೆ ಬಂದ ಪುಗಲೂರು–ತ್ರಿಶ್ಶೂರ್ 320 ಕೆ.ವಿ. ಡಿ.ಸಿ. ಮಾರ್ಗ 2021ರಿಂದ ಹೀಗೆಯೇ ನಡೆಯುತ್ತಿದೆ: 2,000 ಮೆಗಾವಾಟ್, ಕೇರಳದೊಳಗಿನ ಒಂದಷ್ಟು ದೂರ ಎಕ್ಸ್ಎಲ್‌ಪಿಇ ಕೇಬಲ್‌ನಲ್ಲಿ, ನೆಲದಡಿ.

ತೋಟದ ನಡುವಿನ 11 ಕೆ.ವಿ.ಗೆ ಮಾತ್ರ ಕಂಬದ ಮೇಲಿನ ಕವರ್ಡ್ ಕಂಡಕ್ಟರ್ (ಪ್ಲಾಸ್ಟಿಕ್ ಹೊದಿಕೆಯ ತಂತಿ) ಹೆಚ್ಚು ಸರಿ. ಕೊಂಬೆ ಬಂದು ತಾಗಿದರೂ ಲೈನು ಟ್ರಿಪ್ ಆಗದು. ಆದರೆ ಕಪಾತು ಮಾಡುವವರು (ಕೊಂಬೆ ಸವರುವವರು) ನೆನಪಿಡಿ, ಅದನ್ನು ಮುಟ್ಟುವಂತಿಲ್ಲ. ಅದಕ್ಕೆ ಕೇಬಲ್‌ನಂತೆ ಅರ್ಥ್ ಮಾಡಿದ ಕವಚವಿಲ್ಲ. ಸಿಡಿಲಿಗೂ ಅದು ಬರಿ ತಂತಿಗಿಂತ ಸೂಕ್ಷ್ಮ. ಬರಿ ತಂತಿಯ ಮೇಲೆ ಕಿಡಿ ಜಾರುತ್ತಾ ಹೋಗುತ್ತದೆ. ಹೊದಿಕೆಯಿದ್ದರೆ ಸೂಜಿತೂತಿನಷ್ಟು ಜಾಗದಲ್ಲೇ ನಿಂತು ಸೆಕೆಂಡಿನೊಳಗೆ ತಂತಿಯನ್ನು ಕತ್ತರಿಸಬಲ್ಲದು. ಹಾಗಾಗಿ ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗಿಗೆ ಮೊದಲೇ ಇನ್ಸುಲೇಟರ್ ಬಳಿ ಆರ್ಕಿಂಗ್ ಹಾರ್ನ್ (ಕಿಡಿಯನ್ನು ತನ್ನತ್ತ ಸೆಳೆಯುವ ಲೋಹದ ಕೊಂಬು) ಅಥವಾ ಸರ್ಜ್ ಅರೆಸ್ಟರ್ (ಸರ್ಜನ್ನು ನೆಲಕ್ಕಿಳಿಸುವ ಸಾಧನ) ಇರಬೇಕು.

ಈಗಾಗಲೇ ನೆಲದಡಿ ಇರುವ ಕೇಬಲ್‌ಗೆ 0.1 ಹರ್ಟ್ಸ್‌ನ ವಿಎಲ್‌ಎಫ್ (ಅತಿ ಕಡಿಮೆ ಆವರ್ತನದ) ಯಂತ್ರದಲ್ಲಿ ಟ್ಯಾನ್ ಡೆಲ್ಟಾ, ಅಂದರೆ ನಿರೋಧಕದೊಳಗೆ ಪೋಲಾಗುವ ವಿದ್ಯುತ್ತಿನ ಅಳತೆ, ನೋಡಿ. ವೋಲ್ಟೇಜ್ ಮೆಟ್ಟಿಲೇರಿಸಿದಂತೆ ಅದೂ ಏರುತ್ತಿದ್ದರೆ ಒಳಗೆ ಮರವಿರುವ ಲಕ್ಷಣ. ಹಳೆಯ ಎಕ್ಸ್ಎಲ್‌ಪಿಇಗೆ ಡಿ.ಸಿ. ಹೈಪಾಟ್ (ಹೆಚ್ಚು ವೋಲ್ಟೇಜಿನ ಡಿ.ಸಿ. ಪರೀಕ್ಷೆ) ಬೇಡ. ಅದು ಬಿಟ್ಟುಹೋಗುವ ಚಾರ್ಜಿನಿಂದ, ಪರೀಕ್ಷೆಯಲ್ಲಿ ಪಾಸಾದ ಕೇಬಲ್ ಮತ್ತೆ ಲೈನಿಗೆ ಹಾಕಿದ ಮೇಲೆ ಸಿಡಿಯಬಹುದು.

ಎಷ್ಟೋ ನೀರ್ಮರಗಳ ಬೀಜ ಬೀಳುವುದು ಕೇಬಲ್ ಹಾಕುವ ಕೆಲಸ ನಡೆಯುವಾಗಲೇ. ಡ್ರಮ್ಮಿನಿಂದ ಕೊಯ್ದ ತುದಿಯನ್ನು ಒಂದು ರಾತ್ರಿ ಮಳೆಗೆ ತೆರೆದಿಟ್ಟರೆ ಸಾಕು, ನೀರು ಬತ್ತಿಗೆ ಎಣ್ಣೆ ಏರಿದಂತೆ ಎಳೆಗಳ ನಡುವೆ ಮೀಟರುಗಟ್ಟಲೆ ಒಳಗೆ ಹೋಗುತ್ತದೆ. ಕೊಯ್ದ ಗಳಿಗೆಯೇ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ) ಟೋಪಿ ಹಾಕಿ. ಅನುಮಾನವಿದ್ದರೆ ಕಾಗದದ ಕೇಬಲ್ ಕಾಲದ ಉಪಾಯವೊಂದಿದೆ. ತುದಿಯಿಂದ ಒಂದು ಎಳೆ ತುಂಡರಿಸಿ, ಒಣ ಇಕ್ಕಳದಲ್ಲಿ ಹಿಡಿದು, 150 ಡಿಗ್ರಿಗೆ ಕಾಯಿಸಿದ ಎಣ್ಣೆಗೆ ಇಳಿಸಿ. ಒಗ್ಗರಣೆಗೆ ಸಾಸಿವೆ ಬಿದ್ದಂತೆ ಚಟಪಟ ಎಂದರೆ ಇನ್ನೊಂದು ಮೀಟರ್ ಕೊಯ್ದು ಮತ್ತೆ ನೋಡಿ. ಎಣ್ಣೆ ಸುಮ್ಮನಾಗುವವರೆಗೆ ಜಾಯಿಂಟ್ ಕಿಟ್ ಬಿಚ್ಚಬೇಡಿ.